ಬರೆದವರ ದನಿ ಹಿಡಿಯುವುದು ಹೇಗೆ?

ಸಂಜೆ ನಮ್ಮ ಮನೆ ಜಗಲಿಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಗದ್ಯಭಾಗ ಕೊಟ್ಟರೆ ಅರ್ಥ ಹೇಳುತ್ತಾರೆ. ‘ಬರೆದವರ ಧೋರಣೆ ಏನು?’ ಅಂದರೆ ತಲೆ ತುರಿಸಿಕೊಳ್ಳುತ್ತಾರೆ.

ಮೊನ್ನೆ ನಾನೇ ಎರಡು ಸಾಲು ಬರೆದುಕೊಟ್ಟೆ: ‘ನಮ್ಮೂರ ರಸ್ತೆಗೆ ಗಟ್ಟಿ ಟಾರು ಹಾಕಿದ್ದಾರಂತೆ. ಪಾಪ, ಮಳೆಗೆ ಅದು ಗೊತ್ತಿರಲಿಲ್ಲ.’ ಒಬ್ಬ ಹುಡುಗ ‘ಲೇಖಕರಿಗೆ ಮಳೆಯ ಮೇಲೆ ಕನಿಕರ’ ಎಂದು ಬರೆದ! ನಗು ತಡೆಯಲಾಗಲಿಲ್ಲ.

ಮೊದಲು ಸಾಲನ್ನು ಜೋರಾಗಿ ಓದಿ. ಕಣ್ಣಿಗೆ ಕಾಣದ ಕೊಂಕು ಕಿವಿಗೆ ಬೀಳುತ್ತದೆ. ಆಮೇಲೆ ಪೆನ್ಸಿಲ್ ಹಿಡಿದು ಸಣ್ಣ ಪದಗಳಿಗೆ ಸುತ್ತು ಹಾಕಿ. ‘ಹಾಕಿದ್ದಾರೆ’ ಅಂದರೆ ಬರೀ ಸುದ್ದಿ. ‘ಹಾಕಿದ್ದಾರಂತೆ’ ಅಂದರೆ ಯಾರೋ ಹೇಳಿದ್ದು, ಬರೆದವರು ಅದಕ್ಕೆ ಹೊಣೆಯಲ್ಲ. ಹಾಗಂತ ‘ಅಂತೆ’ ಕಂಡಲ್ಲೆಲ್ಲ ವ್ಯಂಗ್ಯ ಹುಡುಕಬೇಡಿ. ‘ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ’ ಎನ್ನುವ ಅಜ್ಜಿ ಯಾರನ್ನೂ ಚುಚ್ಚುತ್ತಿಲ್ಲ. ಪಕ್ಕದ ಪದ ನೋಡಬೇಕು. ಇಲ್ಲಿ ‘ಪಾಪ’ ಇದೆ. ಮಳೆಗೆ ಯಾರಾದರೂ ಪಾಪ ಅನ್ನುತ್ತಾರಾ? ಇಲ್ಲ ಅಲ್ವಾ? ಹಾಗಾದರೆ ಚುಚ್ಚಿದ್ದು ಟಾರು ಹಾಕಿದವರಿಗೆ. ರಸ್ತೆ ಕಿತ್ತುಹೋಗಿದೆ ಎಂದು ಎಲ್ಲೂ ಬರೆದಿಲ್ಲ, ಆದರೂ ಗೊತ್ತಾಯಿತು.

ಮರ್ಯಾದೆ ಜಾಸ್ತಿಯಾದರೂ ಅನುಮಾನಪಡಿ. ತಡವಾಗಿ ಬಂದವನಿಗೆ ‘ಮಹಾಶಯರು ದಯಮಾಡಿಸಿದರು’ ಅಂದರೆ ಅದು ಗೌರವವಲ್ಲ.

ಉತ್ತರದಲ್ಲಿ ಸುಮ್ನೆ ‘ವ್ಯಂಗ್ಯ’ ಎಂದು ಗೀಚಿ ಬಿಡಬೇಡಿ. ಯಾರ ಮೇಲೆ, ಯಾವ ಪದದಿಂದ ಗೊತ್ತಾಯಿತು, ಎರಡನ್ನೂ ಬರೆಯಿರಿ.