ಕಾಫಿ ಕೊಯ್ಲಿಗೆ ಮುಂಚೆಯೇ ಬೀಟ್ ಪೊಲೀಸರನ್ನು ಊರಿಗೆ ಕರೆಯಿರಿ

ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ 14 ಮನೆಗಳ ಊರು. ಮನೆಯಿಂದ ಮನೆಗೆ ನಡುವೆ ತೋಟ, ಒಬ್ಬರ ಬಾಗಿಲು ಇನ್ನೊಬ್ಬರಿಗೆ ಕಾಣುವುದಿಲ್ಲ. ಮೂರು ವರ್ಷದ ಹಿಂದೆ ಫೆಬ್ರವರಿಯ ಒಂದು ರಾತ್ರಿ, ಕಣದ ಪಕ್ಕ ಟಾರ್ಪಾಲು ಮುಚ್ಚಿಟ್ಟಿದ್ದ ನನ್ನ ಏಳು ಮೂಟೆ ರೊಬಸ್ಟಾ ಕಾಫಿ ಚೆರ್ರಿ ಕಳುವಾಯಿತು. ನಮ್ಮ ಊರಿನ ಬೀಟ್ ಯಾರದು, ಅಂದರೆ ಊರು ನೋಡಿಕೊಳ್ಳುವ ಪೊಲೀಸರು ಯಾರು ಅಂತ ಅವತ್ತು ನನಗೆ ಗೊತ್ತೇ ಇರಲಿಲ್ಲ.

ಅದಕ್ಕಿಂತ ಕೆಟ್ಟದ್ದು ಮರುದಿನ ನಡೆಯಿತು. ಪಕ್ಕದ ತೋಟದಲ್ಲಿ ಕೆಲಸದವರು ಇರುವ ಲೈನ್ ಮನೆಯಲ್ಲಿದ್ದ ಅಸ್ಸಾಮಿನ ಒಬ್ಬ ಹುಡುಗನ ಮೇಲೆ ಊರಿನವರಿಗೆ ಅನುಮಾನ ಬಂತು. 'ಕಳ್ಳ' ಅಂತ ಬರೆದು ಅವನ ಫೋಟೊವನ್ನು ವಾಟ್ಸಾಪಿಗೆ ಹಾಕಿದರು. ಆ ರಾತ್ರಿ ಅವನು ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದ ಅಂತ ಹತ್ತು ದಿನದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಅವನು ಬರಬೇಕಿದ್ದ ಕೂಲಿಯನ್ನೂ ಬಿಟ್ಟು ಹೋಗಿದ್ದ. ಮೂಟೆ ಹೋದದ್ದು ಮರೆತಿದ್ದೇನೆ. ಅವನ ಮುಖ ಮರೆತಿಲ್ಲ.

ಆಮೇಲೆ ನಾವು ಏನೇನು ಮಾಡಿದೆವು ಅನ್ನುವುದನ್ನು ನಿಮಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮಳೆ ಕಡಿಮೆಯಾದ ಮೇಲೆ, ಅಕ್ಟೋಬರಿನಲ್ಲಿ, ಮೂರ್ನಾಲ್ಕು ಜನ ಸೇರಿ ಠಾಣೆಗೆ ಹೋಗಿ. ಬೆಳಿಗ್ಗೆ ಅವರಿಗೆ ಗಡಿಬಿಡಿ ಜಾಸ್ತಿ, ಮಧ್ಯಾಹ್ನದ ಮೇಲೆ ಹೋದರೆ ಒಳ್ಳೆಯದು. 2017ರಲ್ಲಿ ರಾಜ್ಯದಲ್ಲಿ ಹೊಸ ಬೀಟ್ ವ್ಯವಸ್ಥೆ ಬಂತು. ಠಾಣೆಯ ಊರುಗಳನ್ನೆಲ್ಲ ಬೀಟ್‌ಗಳಾಗಿ ಹಂಚಿ, ಒಂದೊಂದನ್ನು ಒಬ್ಬೊಬ್ಬ ಸಿಬ್ಬಂದಿಗೆ ಒಪ್ಪಿಸಿದ್ದಾರೆ. ಊರಿನವರನ್ನೂ ಬೀಟ್ ಸದಸ್ಯರಾಗಿ ಸೇರಿಸಿಕೊಳ್ಳುತ್ತಾರೆ. 2025ರ ಜುಲೈನಲ್ಲಿ, ಪೊಲೀಸರೇ ಮನೆ ಬಾಗಿಲಿಗೆ ಬರುವ 'ಮನೆ ಮನೆಗೆ ಪೊಲೀಸ್' ಕೂಡ ಶುರುವಾಯಿತು. ಹಾಗಾಗಿ ನೀವು ಉಪಕಾರ ಕೇಳಲು ಹೋಗುತ್ತಿಲ್ಲ. "ನಮ್ಮ ಊರು ಯಾರ ಬೀಟು? ಅವರನ್ನು ಒಂದು ಸಲ ಕಳಿಸಿಕೊಡಿ ಸಾರ್" ಅನ್ನಿ, ಸಾಕು.

ಅವರು ಬಂದಾಗ ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು ಕಳಿಸಿಬಿಡಬೇಡಿ. ಊರೆಲ್ಲ ನಡೆಸಿ. ಯಾರ ಕಣ ಎಲ್ಲಿದೆ, ಒಳದಾರಿ ಎಲ್ಲಿ ಟಾರ್ ರಸ್ತೆಗೆ ಸೇರುತ್ತದೆ, ಪಿಕಪ್ ಗಾಡಿ ನಿಲ್ಲಿಸಿದರೂ ಯಾರಿಗೂ ಕಾಣದ ತಿರುವು ಯಾವುದು, ಫೋನಿಗೆ ಸಿಗ್ನಲ್ ಎಲ್ಲಿ ಸಿಗುತ್ತದೆ, ಎಲ್ಲವನ್ನೂ ತೋರಿಸಿ. ಆಗಿನ ನಮ್ಮ ಬೀಟಿನವರು ಬಯಲುಸೀಮೆಯ ಕಡೂರು ಕಡೆಯವರು, ಮಲೆನಾಡಿನ ದಾರಿ ಅವರಿಗೆ ಹೊಸದು. ಸುತ್ತಿ ಬಂದ ಮೇಲೆ ಹೇಳಿದರು, "ಅಕ್ಕ, ಕಳ್ಳತನ ಆದ್ಮೇಲೆ ಫೋನ್ ಮಾಡಿದ್ರೆ ನಾನು ಬರ್ಕೊಳ್ಳೋಕೆ ಮಾತ್ರ ಬರ್ತೀನಿ. ಗೊತ್ತಿಲ್ದೇ ಇರೋ ಗಾಡಿ ಎರಡು ಸಲ ಕಂಡ್ರೆ ಆಗ್ಲೇ ಮಾಡಿ." ನಮಗೆ ಬೇಕಾಗಿದ್ದ ಮಾತು ಅದೇ.

ಅವತ್ತೇ ಸಂಜೆ ಒಂದು ಸಭೆ ಇಟ್ಟುಕೊಳ್ಳಿ. ಲೈನ್ ಮನೆಯವರನ್ನೂ ಅವರ ಮೇಸ್ತ್ರಿಯನ್ನೂ ಕರೆಯಲೇಬೇಕು. ಅವರನ್ನು ಬಿಟ್ಟು ಸಭೆ ಮಾಡಿದರೆ, ಅದು ಅವರ ಮೇಲೆಯೇ ಮಾಡಿದ ಸಭೆ ಅನ್ನಿಸುತ್ತದೆ, ಅಲ್ವಾ? ಕೆಲಸಕ್ಕೆ ಬಂದವರ ಹೆಸರು, ಊರು, ಮನೆಯವರ ಫೋನ್ ನಂಬರ್ ಒಂದು ಪುಸ್ತಕದಲ್ಲಿ ಬರೆದುಕೊಳ್ಳುವಾಗ ಯಾಕೆ ಅಂತ ಅವರ ಭಾಷೆ ಬಲ್ಲವರಿಂದ ಹೇಳಿಸಿ. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದರೆ ಅವರ ಮನೆಗೆ ತಿಳಿಸಲು ಬೇಕಾಗುವುದೂ ಅದೇ ನಂಬರ್.

ವಾಟ್ಸಾಪ್ ಗುಂಪು ಮಾಡಿದರೆ ಬೀಟಿನವರನ್ನೂ ಸೇರಿಸಿ, ಕಟ್ಟುಪಾಡು ಏನು ಅಂತ ಮೊದಲ ದಿನವೇ ಹೇಳಿಬಿಡಿ. ಹೊತ್ತು, ಜಾಗ, ಗಾಡಿ ನಂಬರ್, ಯಾವ ಕಡೆ ಹೋಯಿತು, ಇಷ್ಟನ್ನು ಮಾತ್ರ ಬರೆಯಬೇಕು. ಯಾರ ಮುಖದ ಫೋಟೊವನ್ನೂ ಹಾಕಬಾರದು. 'ಆ ಕಡೆಯವನು', 'ಆ ಜಾತಿಯವನು' ಅನ್ನುವ ಮಾತು ಬರಬಾರದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ವಾಟ್ಸಾಪಿನ ಮಕ್ಕಳ ಕಳ್ಳರ ವದಂತಿ ನಂಬಿ ಜನ ಒಬ್ಬ ಎಂಜಿನಿಯರನ್ನು ಹೊಡೆದು ಕೊಂದರು. ನಮ್ಮೂರಿನ ಹುಡುಗ ಜೀವ ಉಳಿಸಿಕೊಂಡು ಹೋದ ಅಂತ ಈಗಲೂ ಅಂದುಕೊಳ್ಳುತ್ತೇನೆ. ಯಾರ ಮನೆಗೆ ಬೀಗ, ಯಾರ ಗೋಡೌನಿನಲ್ಲಿ ಎಷ್ಟು ಮೂಟೆ ಅನ್ನುವುದೂ ಗುಂಪಿನಲ್ಲಿ ಬೇಡ. ಮದುವೆಗೋ ಧರ್ಮಸ್ಥಳಕ್ಕೋ ಹೊರಟರೆ ಬೀಟಿನವರಿಗೆ ನೇರವಾಗಿ ಹೇಳಿ ಹೋಗಿ.

ಕಣ್ಣೆದುರೇ ಕಳ್ಳತನ ನಡೆದು ಕಳ್ಳ ಸಿಕ್ಕಿಬಿದ್ದರೆ ಹಿಡಿದು ಒಪ್ಪಿಸಲು ಕಾನೂನು ಬಿಡುತ್ತದೆ. ಆದರೆ ತಡ ಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಕೊಡಬೇಕು. ಕಂಬಕ್ಕೆ ಕಟ್ಟುವುದು, ಹೊಡೆಯುವುದು ಅಪರಾಧ. ಬರೀ ಅನುಮಾನ ಇದ್ದರೆ ಫೋನ್ ಮಾಡಿ, ಕೈ ಹಾಕಬೇಡಿ.

ರಾತ್ರಿ ಗಸ್ತು ತಿರುಗೋಣ ಅಂತ ನಮ್ಮ ಹುಡುಗರು ಹೊರಟಿದ್ದರು. ನಾನು ಬೇಡವೆಂದೆ. ನಮ್ಮ ಕಡೆ ತೋಟದಲ್ಲಿ ಆನೆ ಯಾವಾಗ ನಿಂತಿರುತ್ತದೋ ಹೇಳಲಾಗುವುದಿಲ್ಲ. ಅದರ ಬದಲು ಕಣಕ್ಕೊಂದು ಲೈಟು ಹಾಕಿಸಿ, ನಾಯಿ ಬೊಗಳಿದರೆ ಬಾಗಿಲು ತೆರೆಯದೆ ಅಕ್ಕಪಕ್ಕದ ಎರಡು ಮನೆಗೆ ಫೋನ್ ಮಾಡುವ ರೂಢಿ ಮಾಡಿಕೊಂಡೆವು.

ತುರ್ತು ಇದ್ದರೆ 112. ಆದರೆ ಫೋನ್ ಎತ್ತಿದವರಿಗೆ ನಿಮ್ಮ ಎಸ್ಟೇಟಿನ ಹೆಸರು ಹೇಳಿದರೆ ಏನೂ ತಿಳಿಯುವುದಿಲ್ಲ. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಎಷ್ಟು ಕಿಲೋಮೀಟರ್, ಯಾವ ಬಸ್ ಸ್ಟಾಪ್, ಎಡಕ್ಕೋ ಬಲಕ್ಕೋ, ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಗಾಬರಿಯಲ್ಲಿ ಸ್ವಂತ ಮನೆಯ ದಾರಿಯೂ ಬಾಯಿಗೆ ಬರುವುದಿಲ್ಲ. ಫೋನಿನಲ್ಲಿ ಯಾರಾದರೂ ಮೋಸ ಮಾಡಿ ಹಣ ಎಗರಿಸಿದರೆ ಕೂಡಲೇ 1930ಕ್ಕೆ ಹೇಳಿ.

ಮೂಟೆಗಳ ಮೇಲೆ ಪೇಂಟಿನಲ್ಲಿ ನಿಮ್ಮ ಗುರುತು ಹಾಕಿ, ತೂಕ ಬರೆದಿಡಿ. ಪೇಟೆಯ ಕಾಫಿ ವ್ಯಾಪಾರಿಗಳಿಗೂ ಆ ಗುರುತು ತೋರಿಸಿ. ಆದರೂ ಕಳುವಾದರೆ ಕಣ ಗುಡಿಸಬೇಡಿ, ಚಕ್ರದ ಗುರುತಿನ ಮೇಲೆ ಓಡಾಡಬೇಡಿ. ದೂರು ಬರೆದುಕೊಟ್ಟು ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ, ಅದಕ್ಕೆ ದುಡ್ಡಿಲ್ಲ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. 'ಇದು ನಮ್ಮ ವ್ಯಾಪ್ತಿ ಅಲ್ಲ' ಅಂದರೆ ಸುಮ್ನೆ ವಾಪಸ್ ಬರಬೇಡಿ.

ಹೋದ ವರ್ಷ ನಮ್ಮ ಬೀಟಿನವರಿಗೆ ವರ್ಗವಾಯಿತು. ಹೋಗುವ ಮೊದಲು ಹೊಸಬರನ್ನು ಕರೆತಂದು ಒಂದು ಸಲ ಊರು ಸುತ್ತಿಸಿ ಅಂತ ಕೇಳಿಕೊಂಡೆವು. ಬಂದರು. ನಮ್ಮ ಪುಸ್ತಕದ ಜೆರಾಕ್ಸ್ ಒಂದನ್ನು ಹೊಸಬರ ಕೈಗೆ ಕೊಟ್ಟೆವು. ಅವರು ಮೊದಲು ಕೇಳಿದ್ದು ಸಿಗ್ನಲ್ ಸಿಗುವ ಜಾಗ ಎಲ್ಲಿ ಅಂತ.