ಚಕ್ಕೆ ಜಲ್ಲಿಯನ್ನು ಸರಿಪಡಿಸಿದ ಬಗೆ

ಚಿಕ್ಕಬಳ್ಳಾಪುರದ ಕಡೆಯ ಒಂದು ಕ್ರಷರ್‌ನಲ್ಲಿ ನಾನು ಮೇಲ್ವಿಚಾರಕನಾಗಿ ಸೇರಿದ ಮೊದಲ ವರ್ಷವೇ, ಸೇತುವೆಯ ಕೆಲಸಕ್ಕೆ ಕಳುಹಿಸಿದ್ದ 20 ಎಂಎಂ ಜಲ್ಲಿಯ ಎರಡು ಲೋಡುಗಳು ಹಿಂದಕ್ಕೆ ಬಂದವು. ಕಲ್ಲು ಗಟ್ಟಿಯಾಗಿತ್ತು, ಧೂಳೂ ಹೆಚ್ಚಿರಲಿಲ್ಲ. ಆದರೆ ಬೊಗಸೆಯಲ್ಲಿ ಎತ್ತಿ ನೋಡಿದರೆ ಅರ್ಧದಷ್ಟು ಒಡೆದ ಹೆಂಚಿನ ಚೂರಿನಂತೆ ಚಪ್ಪಟೆಯಾಗಿತ್ತು. ಇಂಥ ಚಕ್ಕೆ ಜಲ್ಲಿ ಕಾಂಕ್ರೀಟಿನಲ್ಲಿ ಒತ್ತಾಗಿ ಕೂರುವುದಿಲ್ಲ, ನಡುವಿನ ಸಂದು ತುಂಬಲು ಸಿಮೆಂಟು, ಮರಳು ಎರಡೂ ಹೆಚ್ಚು ಬೇಕಾಗುತ್ತವೆ.

ಅಂದೇ ರಾಶಿಯಿಂದ ಮಾದರಿ ತೆಗೆದು ಜರಡಿ ಹಿಡಿದೆ. 20 ಎಂಎಂ ಜರಡಿಯಲ್ಲಿ ಇಳಿದು 16ರಲ್ಲಿ ನಿಂತ ಇನ್ನೂರು ಕಲ್ಲುಗಳನ್ನು ಒಂದೊಂದಾಗಿ ಮಾಪಕದ ತಗಡಿನ 10.8 ಎಂಎಂ ಸಂದಿನಲ್ಲಿ ತೂರಿಸಿದೆ. ಸರಾಸರಿ ಗಾತ್ರವಾದ 18ರ 0.6 ಪಾಲಿಗಿಂತ ತೆಳುವಾದ ಕಲ್ಲೆಲ್ಲ ಅದರಲ್ಲಿ ಜಾರಿಬಿಡುತ್ತದೆ. ಚಪ್ಪಟೆ ಮತ್ತು ನೀಳ ಕಲ್ಲುಗಳೆರಡೂ ಸೇರಿ ತೂಕದಲ್ಲಿ ನೂರಕ್ಕೆ 40 ಮೀರಬಾರದೆಂದು ಕಾಂಕ್ರೀಟ್ ಜಲ್ಲಿಯ ಭಾರತೀಯ ಮಾನಕವಾದ ಐಎಸ್ 383 ಹೇಳುತ್ತದೆ. ನೀಳ ಕಲ್ಲುಗಳನ್ನು ಉದ್ದದ ಮಾಪಕದಲ್ಲಿ ಬೇರೆಯಾಗಿ ಅಳೆದು ಕೂಡಿದಾಗ ನಮ್ಮದು ಮೀರಿತ್ತು.

ಮೊದಲು, ದೊಡ್ಡ ಕಲ್ಲನ್ನು ದವಡೆಯಂತೆ ಅಗಿದು ಒಡೆಯುವ ಜಾ ಕ್ರಷರ್‌ನ ಸವೆದ ಮ್ಯಾಂಗನೀಸ್ ಉಕ್ಕಿನ ತಟ್ಟೆಗಳನ್ನು ಬದಲಿಸಿದೆವು, ಗುಣ ಕಾಣಲಿಲ್ಲ. ಆಗ ಹಳೆಯ ಆಪರೇಟರೊಬ್ಬರು ಶಬ್ದ ಆಲಿಸಿ, "ಸಾರ್, ಕೋನ್ ಹೊಟ್ಟೆ ತುಂಬ್ತಿಲ್ಲ" ಎಂದರು. ಕೋನ್ ಎಂದರೆ ಜಾ ಒಡೆದ ಕಲ್ಲನ್ನು ಇನ್ನೂ ಸಣ್ಣದಾಗಿಸುವ ಎರಡನೇ ಯಂತ್ರ. ಅವರು ಹೇಳಿದ್ದು ನಿಜವಾಗಿತ್ತು. ಜಾದಿಂದ ಬೆಲ್ಟಿನ ಮೇಲೆ ಬರುವ ಕಲ್ಲು ಕೋನ್‌ಗೆ ಬಿಟ್ಟು ಬಿಟ್ಟು ಬೀಳುತ್ತಿತ್ತು; ಒಂಟಿ ಕಲ್ಲು ಉಕ್ಕಿಗೆ ಮಾತ್ರ ಸಿಕ್ಕಿದಾಗ ಚಕ್ಕೆಯಾಗಿ ಸೀಳುತ್ತದೆ, ಬಾಯಿತನಕ ತುಂಬಿದ್ದರೆ ಕಲ್ಲಿಗೆ ಕಲ್ಲು ಒತ್ತಿ ಚೂಪು ಅಂಚು, ತೆಳು ಮೂಲೆಗಳು ಮುರಿದುಹೋಗುತ್ತವೆ.

ಕೋನ್‌ನ ಮುಂದೆ ಕಲ್ಲು ಕೂಡಿಡುವ ಒಂದು ಸಣ್ಣ ಬಂಕರ್ ಕಟ್ಟಿಸಿ, ಅದರಡಿಯಿಂದ ಕಲ್ಲು ತಳ್ಳುವ ಫೀಡರ್‌ನ ವೇಗವನ್ನು ಕೋನ್ ಸದಾ ತುಂಬಿರುವಂತೆ ಹೊಂದಿಸಿದೆವು. ಮೋಟಾರಿನ ಮೇಲೆ ಹೊರೆ ಏರುವುದರಿಂದ ಮೊದಲ ದಿನವೆಲ್ಲ ನಾನು ಅಮೀಟರ್ ಮುಳ್ಳಿನ ಮುಂದೆಯೇ ನಿಂತಿದ್ದೆ. ಕೋನ್‌ನೊಳಗೆ ಕಲ್ಲು ಒಡೆದು ಇಳಿಯುವ ಸಂದಿನ ಅಳತೆಯನ್ನೂ ಕಣ್ಣಂದಾಜಿಗೆ ಬಿಡಲಿಲ್ಲ. ಕಲ್ಲು ನಿಲ್ಲಿಸಿ ಖಾಲಿ ಓಡುವ ಕೋನ್‌ನೊಳಗೆ ತಂತಿಗೆ ಕಟ್ಟಿದ ಸೀಸದ ಉಂಡೆ ಇಳಿಸಿ, ಅದು ಚಪ್ಪಟೆಯಾದ ದಪ್ಪವನ್ನು ಅಳೆದು ಬರೆದಿಟ್ಟೆ. ಜರಡಿಯ ಮೇಲೆ ಉಳಿದ ದಪ್ಪ ಕಲ್ಲು ಮರುಬೆಲ್ಟಿನಲ್ಲಿ ಕೋನ್‌ಗೇ ಮರಳುವುದರಿಂದ ಹೊಟ್ಟೆ ತುಂಬಿಸಲು ಅದೂ ನೆರವಾಯಿತು.

ವಾರದ ಬಳಿಕ ಅದೇ ಮಾಪಕಗಳಲ್ಲಿ ಅಳೆದಾಗ ಎರಡೂ ಬಗೆಯ ಕಲ್ಲು ಸೇರಿ ನೂರಕ್ಕೆ 28ಕ್ಕೆ ಇಳಿದಿತ್ತು, ಮುಂದಿನ ಲೋಡನ್ನು ಸೇತುವೆಯವರು ತೂಗಿ ಇಳಿಸಿಕೊಂಡರು.