ಮರದ ಹಿಂದೆ ನಿಲ್ಲುತ್ತಿದ್ದ ರೈಲು

ನಮ್ಮ ಮನೆಯ ಕ್ರಿಸ್‌ಮಸ್ ಮರದ ಸುತ್ತ ಓಡುವ ಆಟಿಕೆ ರೈಲು ಎರಡು ವರ್ಷ ಒಂದೇ ಜಾಗದಲ್ಲಿ ನಿಲ್ಲುತ್ತಿತ್ತು. ಮರದ ಹಿಂಬದಿ, ಗೋಡೆಯ ಕಡೆ, ಕೈ ಸುಲಭವಾಗಿ ಹೋಗದ ತಿರುವು ಅದು. ಮುಂದಿನಿಂದ ಚೆನ್ನಾಗಿ ಓಡಿಬಂದ ಎಂಜಿನ್ ಅಲ್ಲಿ ಒಮ್ಮೆ ಕಣ್ಣು ಮಿಟುಕಿಸಿದಂತೆ ದೀಪ ಆರಿಸಿ ಹಚ್ಚಿಕೊಂಡು, ಒಂದು ಗೇಣು ಮುಂದೆ ಹೋಗಿ ಗುಂಯ್‌ಗುಡುತ್ತ ನಿಂತುಬಿಡುತ್ತಿತ್ತು. ಮಕ್ಕಳಿಬ್ಬರೂ ಕೊಂಬೆಗಳ ಅಡಿಗೆ ತೆವಳಿಹೋಗಿ ಅದನ್ನು ತಳ್ಳುತ್ತಿದ್ದರು. ತಳ್ಳಿದರೆ ಕೆಲವು ಸಲ ಅದು ಬಂದ ದಾರಿಯಲ್ಲೇ ಹಿಂದಕ್ಕೆ ಓಡುತ್ತಿತ್ತು. ತಪ್ಪು ಎಂಜಿನ್ನಿನದೇ ಎಂದು ನಾನು ನಂಬಿದ್ದೆ. ಎರಡು ಬಾರಿ ಬಿಚ್ಚಿ ಒರೆಸಿದೆ, ಮೋಟಾರಿನ ಬ್ರಷ್ ಬದಲಿಸಿದೆ, ಗಾಲಿಗಳಿಗೆ ಎಣ್ಣೆ ಬಿಟ್ಟೆ. ರೈಲು ಅಲ್ಲೇ ನಿಂತಿತು.

ಮೂರನೆಯ ವರ್ಷ ಡಿಸೆಂಬರ್ ಆರಂಭದಲ್ಲಿ ಲೋಂಡಾದಿಂದ ಅಪ್ಪ ಬಂದರು.

ನಾವಿರುವುದು ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಬಳಿ. ಈ ಸೀಮೆಯಲ್ಲಿ ಕ್ರಿಸ್‌ಮಸ್ ಮರದ ಕೆಳಗೆ ರೈಲು ಓಡಿಸುವುದು ನಮ್ಮ ಕಡೆ ದೀಪಾವಳಿಗೆ ಆಕಾಶಬುಟ್ಟಿ ಕಟ್ಟಿದಷ್ಟು ಸಹಜ. ನಮಗೆ ರೈಲು ಸಿಕ್ಕಿದ್ದು ಮನೆ ಖಾಲಿ ಮಾಡುತ್ತಿದ್ದ ನೆರೆಯ ಅಜ್ಜಿಯೊಬ್ಬರಿಂದ. 1950ರ ದಶಕದ, ಲಯನೆಲ್ ಕಂಪನಿಯ ಆಟಿಕೆ ರೈಲು ಅದು: 2037 ಎಂಬ ಅಂಕಿಯ ಉಗಿ ಎಂಜಿನ್, ನಾಲ್ಕು ಗೂಡ್ಸ್ ಡಬ್ಬಿಗಳು, ಕೊನೆಗೆ ಕೆಂಪು ಗಾರ್ಡ್ ಡಬ್ಬಿ, ಒಂದು ರಟ್ಟಿನ ಪೆಟ್ಟಿಗೆ ತುಂಬ ತಗಡಿನ ಹಳಿಗಳು, ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್. ಈ ಅಳತೆಗೆ ಓ ಗೇಜ್ ಎಂದು ಹೆಸರು. ಎರಡು ಹೊರ ಹಳಿಗಳ ನಡುವೆ ಒಂದೂಕಾಲು ಇಂಚು, ಮಧ್ಯದಲ್ಲಿ ಮೂರನೆಯ ಹಳಿ. ವಿದ್ಯುತ್ ಮಧ್ಯದ ಹಳಿಯಿಂದ ಎಂಜಿನ್ನಿನ ಹೊಟ್ಟೆಯ ಉರುಳೆಗಳ ಮೂಲಕ ಮೋಟಾರಿಗೆ ಹೋಗಿ, ಗಾಲಿಗಳ ಮೂಲಕ ಹೊರ ಹಳಿಗಳಿಗೆ ಮರಳುತ್ತದೆ.

ಅಪ್ಪ ಲೋಂಡಾ ಮತ್ತು ಕ್ಯಾಸಲ್‌ರಾಕ್ ನಡುವೆ ಕೀಮನ್ ಆಗಿದ್ದವರು. ಮೀಟರ್ ಗೇಜ್ ಕಾಲದಲ್ಲಿ ಕೆಲಸಕ್ಕೆ ಸೇರಿ, ಬ್ರಾಡ್‌ಗೇಜ್ ಆದ ಮೇಲೆ ನಿವೃತ್ತರಾದರು. ಕೀಮನ್ ಅಂದರೆ ದಿನವೂ ತನ್ನ ಪಾಲಿನ ಹಳಿಯ ಮೇಲೆ ನಡೆದು ಹೋಗಿ ನಡೆದು ಬರುವವನು. ಹೆಗಲ ಮೇಲೆ ಸುತ್ತಿಗೆ ಮತ್ತು ಸ್ಪ್ಯಾನರ್, ಕಂಕುಳಲ್ಲಿ ಕೆಂಪು, ಹಸಿರು ಬಾವುಟ. ಸಡಿಲವಾದ ಕೀಲನ್ನು ಬಡಿದು ಕೂರಿಸಬೇಕು, ಎರಡು ಹಳಿಗಳನ್ನು ಜೋಡಿಸುವ ಫಿಶ್‌ಪ್ಲೇಟಿನ ಬೋಲ್ಟು ಬಿಗಿಮಾಡಬೇಕು, ಬಿರುಕು ಕಂಡರೆ ಗಾಡಿ ನಿಲ್ಲಿಸಬೇಕು. ನನ್ನ ಬಾಲ್ಯದ ಪ್ರತಿ ಕ್ರಿಸ್‌ಮಸ್ ದಿನವೂ ಅವರು ನಸುಕಿನಲ್ಲೇ ಹಳಿಗೆ ಹೋಗಿ, ಆರಾಧನೆಯ ಹೊತ್ತಿಗೆ ಸರಿಯಾಗಿ ಮರಳುತ್ತಿದ್ದರು. ಕ್ವಾರ್ಟರ್ಸಿನಲ್ಲಿ ನಮ್ಮ ಕ್ರಿಸ್‌ಮಸ್ ಮರವೆಂದರೆ ಬಣ್ಣದ ಡಬ್ಬದಲ್ಲಿ ಮರಳು ತುಂಬಿ ನೆಟ್ಟ ಸರ್ವೆ ಮರದ ಕೊಂಬೆ. ಅದರ ಮೇಲೆ ಅವ್ವ ಹತ್ತಿಯ ಎಳೆ ಹರಡುತ್ತಿದ್ದಳು.

ಆ ಅಪ್ಪ ನಮ್ಮ ಹಜಾರದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ರೈಲನ್ನು ಹತ್ತು ಸುತ್ತು ಸುಮ್ಮನೆ ನೋಡಿದರು. ನೋಡಿದರು ಎನ್ನುವುದಕ್ಕಿಂತ ಕಿವಿಗೊಟ್ಟರು ಎನ್ನಬೇಕು. ಐದನೆಯ ಸುತ್ತಿನ ಹೊತ್ತಿಗೆ ಕಣ್ಣು ಮುಚ್ಚಿದ್ದರು.

"ತಂಗೀ, ಎಂಜಿನ್ನಿಗೆ ಏನೂ ಆಗಿಲ್ಲ. ಅಲ್ಲಿ ಒಂದು ಜಾಯಿಂಟ್ ಬೇರೆ ಸದ್ದು ಮಾಡುತ್ತಿದೆ. ಅಲ್ಲಿ ಹಳಿ ಕುಗ್ಗುತ್ತಿದೆ" ಎಂದರು.

ಕೊಂಬೆ ಎತ್ತಿ ಟಾರ್ಚ್ ಬಿಟ್ಟು ನೋಡಿದೆವು. ಮೆತ್ತನೆಯ ಕಾರ್ಪೆಟ್ಟಿನ ಮೇಲೆ ಹಾಸಿದ್ದ ಹಳಿ, ಎಂಜಿನ್ ಬಂದಾಗ ಒಂದು ಭತ್ತದ ಕಾಳಿನಷ್ಟು ಕೆಳಗಿಳಿಯುತ್ತಿತ್ತು. ಆ ತುಂಡಿನ ಎರಡೂ ತುದಿಗಳಲ್ಲಿ, ಪಕ್ಕದ ತುಂಡಿಗೆ ಜೋಡಿಸುವ ಪಿನ್‌ಗಳು ಸಡಿಲ. ಹಳಿ ಕುಗ್ಗಿದ ಕ್ಷಣ ಆ ಒಂದಡಿ ಉದ್ದಕ್ಕೆ ವಿದ್ಯುತ್ ಕಡಿಯುತ್ತಿತ್ತು. ಇಷ್ಟು ತಿಳಿದ ಮೇಲೆ ಉಳಿದದ್ದೆಲ್ಲ ನನಗೆ ತಾನಾಗಿ ಬಿಡಿಸಿಕೊಂಡಿತು. ಈ ಹಳೆಯ ಎಂಜಿನ್ನುಗಳಲ್ಲಿ ದಿಕ್ಕು ಬದಲಿಸುವ ಒಂದು ವಿದ್ಯುತ್ಕಾಂತದ ಯಂತ್ರವಿದೆ. ವಿದ್ಯುತ್ ಕಡಿದು ಮತ್ತೆ ಬಂದಾಗಲೆಲ್ಲ ಅದು ಒಂದು ಹಲ್ಲು ಸರಿಯುತ್ತದೆ: ಮುಂದಕ್ಕೆ, ತಟಸ್ಥ, ಹಿಂದಕ್ಕೆ, ಮತ್ತೆ ತಟಸ್ಥ. ಕ್ಷಣಕಾಲ ಕಡಿದರೂ ಸಾಕು, ಎಂಜಿನ್ ತಟಸ್ಥಕ್ಕೆ ಬಂದು ನಿಲ್ಲುತ್ತದೆ. ದೀಪ ಉರಿಯುತ್ತದೆ, ಗುಂಯ್ ಎನ್ನುತ್ತದೆ, ಗಾಲಿ ತಿರುಗುವುದಿಲ್ಲ. ಮಕ್ಕಳು ತಳ್ಳಿದಾಗ ಇನ್ನೊಮ್ಮೆ ಕಡಿದು ಹಿಂದಕ್ಕೆ ಓಡುತ್ತಿತ್ತು. ನಿಮ್ಮ ಹಳೆಯ ರೈಲು ಹೀಗೆ ಮಾಡಿದರೆ ಎಂಜಿನ್ ಬಿಚ್ಚಲು ಹೋಗಬೇಡಿ, ಹಳಿಯನ್ನು ನೋಡಿ.

ಮರುದಿನ ಎಲ್ಲವನ್ನೂ ಕಿತ್ತು ಹೊಸದಾಗಿ ಹಾಸಿದೆವು. ನಮ್ಮ ಮಾರ್ಗ ಸರಳ: 31 ಇಂಚು ವ್ಯಾಸದ ವೃತ್ತವಾಗುವ ಎಂಟು ಬಾಗಿದ ತುಂಡುಗಳು, ನಾಲ್ಕು ಬದಿಗೂ ಒಂದೊಂದು ಹತ್ತು ಇಂಚಿನ ನೇರ ತುಂಡು. ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು. ಹನ್ನೆರಡು ತುಂಡು, ಹನ್ನೆರಡು ಜಾಯಿಂಟ್, ಒಂದೊಂದರಲ್ಲಿ ಮೂರು ಪಿನ್, ಒಟ್ಟು 36. ಒಂದೊಂದನ್ನೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದೆವು. ಹನ್ನೊಂದು ಸಡಿಲವಾಗಿದ್ದವು. ಈ ಹಳಿಗಳು ತಗಡನ್ನು ಕೊಳವೆಯಂತೆ ಮಡಚಿ ಮಾಡಿದವು. ಪಿನ್ನಿನ ಮೇಲೆ ತಗಡನ್ನು ಇಕ್ಕಳದಿಂದ ಮೆಲ್ಲಗೆ ಒತ್ತಿದರೆ ಬಿಗಿಯಾಗುತ್ತದೆ. ಹೆಚ್ಚು ಒತ್ತಿದರೆ ಹಳಿಯ ಬಾಯಿ ಚಪ್ಪಟೆಯಾಗಿ ಪಕ್ಕದ ತುಂಡಿನ ಪಿನ್ ಒಳಗೆ ಹೋಗುವುದೇ ಇಲ್ಲ. ಎರಡು ತುಂಡುಗಳನ್ನು ಹಾಗೆ ಕೆಡಿಸಿದ ಮೇಲೆ ನನ್ನ ಕೈಗೆ ಹದ ಸಿಕ್ಕಿತು. ಮಧ್ಯದ ಹಳಿಯ ಕೆಳಗೆ, ಅಡ್ಡಪಟ್ಟಿಯಾದ ತಗಡಿನ ಸ್ಲೀಪರಿಗೂ ಅದಕ್ಕೂ ನಡುವೆ, ಕಪ್ಪು ನಾರಿನ ತೆಳು ಪಟ್ಟಿ ಇರುತ್ತದೆ. ಅದು ಸವೆದಿದ್ದರೆ ಶಾರ್ಟ್ ಆಗುತ್ತದೆ. ಒಂದು ತುಂಡಿನಲ್ಲಿ ಸವೆದಿತ್ತು, ಅದನ್ನು ಬದಿಗಿಟ್ಟೆವು.

ಕಾರ್ಪೆಟ್ಟಿನ ಮೇಲೆ ಮತ್ತೆ ಹಾಸಲು ಅಪ್ಪ ಒಪ್ಪಲಿಲ್ಲ. "ಜಲ್ಲಿ ಇಲ್ಲದ ಹಳಿ ಹಳಿಯೇ ಅಲ್ಲ" ಎಂದರು. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಅರ್ಧ ಇಂಚು ದಪ್ಪದ ಪ್ಲೈವುಡ್ ತಂದು ಮೂಲೆಗಳನ್ನು ದುಂಡಗೆ ಕತ್ತರಿಸಿದೆವು. ಕ್ರಿಸ್‌ಮಸ್ ಮರದ ಸ್ಟ್ಯಾಂಡನ್ನೂ ಅದರ ಮೇಲೆಯೇ ನಿಲ್ಲಿಸಿದೆವು. ಮರದ ಭಾರಕ್ಕೆ ಹಲಗೆ ಅಲುಗುವುದಿಲ್ಲ. ಆದರೆ ಬರಿಯ ಪ್ಲೈವುಡ್ ತಮಟೆಯಂತೆ ಸದ್ದು ಮಾಡುತ್ತದೆ. ನಾನು ಸ್ಪಂಜಿನ ಹಾಳೆ ಹಾಸೋಣ ಎಂದೆ. ಅದು ಮೆತ್ತಗಾಗಿ ಹಳಿ ಮತ್ತೆ ಕುಗ್ಗುತ್ತದೆ ಎಂದು ಅಪ್ಪ ತಡೆದರು. ಕೊನೆಗೆ ತೆಳುವಾದ ಕಾರ್ಕ್ ಪಟ್ಟಿ ಹಾಸಿದೆವು, ಅದು ಸರಿಹೋಯಿತು. ಸ್ಕ್ರೂಗಳನ್ನು ಪೂರ್ತಿ ಬಿಗಿಯಬಾರದು. ಹಳಿ ಸರಿಯದಷ್ಟು ಹಿಡಿದರೆ ಸಾಕು. ಬಿಗಿದರೆ ಸದ್ದು ನೇರವಾಗಿ ಹಲಗೆಗೆ ಇಳಿಯುತ್ತದೆ.

ಇಷ್ಟಾದರೂ ರೈಲು ಮರದ ಹಿಂದೆ ಸ್ವಲ್ಪ ನಿಧಾನವಾಗುತ್ತಿತ್ತು. ಇದು ನನ್ನ ಪಾಲಿನ ಕೆಲಸ, ಅಪ್ಪನಿಗೆ ವಿದ್ಯುತ್ತಿನ ಗೊಡವೆ ಇಲ್ಲ. ಮಲ್ಟಿಮೀಟರ್ ಹಿಡಿದು ನೋಡಿದೆ. ರೈಲು ಓಡುತ್ತಿರುವಾಗ ತಂತಿ ಕೂಡಿಸಿದ ಜಾಗದಲ್ಲಿ 12 ವೋಲ್ಟ್, ಅದಕ್ಕೆ ಎದುರಿನ ತುದಿಯಲ್ಲಿ ಒಂಬತ್ತೂವರೆ. ಪ್ರತಿ ಜಾಯಿಂಟಿನಲ್ಲೂ ಸ್ವಲ್ಪ ಸ್ವಲ್ಪ ಸೋರಿಹೋಗುತ್ತಿತ್ತು. ಹಲಗೆಯ ಕೆಳಗಿನಿಂದ ಇನ್ನೊಂದು ಜೋಡಿ ದಪ್ಪ ತಂತಿ ಎಳೆದು ಹಿಂಬದಿಯಲ್ಲೂ ಕೂಡಿಸಿದೆ. ಮಧ್ಯದ ಹಳಿಯ ತಂತಿ ಮಧ್ಯದ ಹಳಿಗೇ ಹೋಗಬೇಕು, ಅದೊಂದು ತಪ್ಪಿದರೆ ಶಾರ್ಟ್. ಆಮೇಲೆ ಸುತ್ತಿನ ಉದ್ದಕ್ಕೂ ಒಂದೇ ವೇಗ.

ಟ್ರಾನ್ಸ್‌ಫಾರ್ಮರಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಎಪ್ಪತ್ತು ವರ್ಷದ ಹಳೆಯ ರಬ್ಬರ್ ತಂತಿ ಮಡಚಿದರೆ ಪುಡಿಯಾಗಿ ಉದುರುತ್ತದೆ. ಅದನ್ನು ಬದಲಿಸಿದ ಮೇಲೆಯೇ ಗೋಡೆಯ ಪ್ಲಗ್ಗಿಗೆ ಹಾಕಿದ್ದು. ಮರದ ಅಡಿಯಲ್ಲಿ ಅದನ್ನು ಇಡಬಾರದು, ಮರದ ಸ್ಟ್ಯಾಂಡಿನಲ್ಲಿ ನೀರಿರುತ್ತದೆ. ದೂರದ ಸ್ಟೂಲಿನ ಮೇಲೆ ಇಟ್ಟಿದ್ದೇನೆ. ಮರಕ್ಕೆ ನೀರು ಹಾಕುವ ಮೊದಲು ಸ್ವಿಚ್ ಆರಿಸುತ್ತೇನೆ, ಕೋಣೆಯಿಂದ ಹೊರಡುವಾಗಲೂ ಆರಿಸುತ್ತೇನೆ.

ಮರವೂ ರೈಲಿಗೆ ಸುಲಭದ ಜೊತೆಗಾರನಲ್ಲ. ನಾವು ತರುವುದು ಫ್ರೇಸರ್ ಫರ್ ಮರ. ಅದರ ಸೂಜಿ ಎಲೆಗಳು ಬೇರೆ ಜಾತಿಗಳಷ್ಟು ಬೇಗ ಉದುರುವುದಿಲ್ಲ. ಆದರೂ ಉದುರಿದ ಒಂದೇ ಒಂದು ಎಲೆ ಹಲ್ಲುಚಕ್ರದೊಳಗೆ ಸಿಕ್ಕಿದರೆ ಎಂಜಿನ್ ಕುಂಟುತ್ತದೆ. ಕೃತಕ ಹಿಮವೆಂದು ಮಾರುವ ನಾರಿನ ಹತ್ತಿಯನ್ನು ಹಳಿಯ ಹತ್ತಿರ ಹಾಸಲೇಬೇಡಿ. ಅದು ಗಾಲಿಯ ಅಚ್ಚಿಗೆ ದಾರದಂತೆ ಸುತ್ತಿಕೊಂಡರೆ ಸೂಜಿಯಿಂದ ಎಳೆ ಎಳೆಯಾಗಿ ಬಿಡಿಸಬೇಕು. ಅವ್ವನ ಹತ್ತಿಯ ನೆನಪಿಗೆ ಒಮ್ಮೆ ಹರಡಿ, ಆ ಸಂಜೆಯೆಲ್ಲ ಅದನ್ನೇ ಬಿಡಿಸಿದೆ. ಈಗ ದಪ್ಪನೆಯ ಬಿಳಿ ಬಟ್ಟೆ ಹಾಸಿ ಹಲಗೆಗೆ ಮೊಳೆ ಹೊಡೆದಿದ್ದೇನೆ. ಮಿನುಗುವ ಲೋಹದ ಎಳೆ ಮಧ್ಯದ ಹಳಿಗೂ ಹೊರ ಹಳಿಗೂ ಅಡ್ಡ ಬಿದ್ದರೆ ಮುಗಿಯಿತು, ಟ್ರಾನ್ಸ್‌ಫಾರ್ಮರ್ ಕಾದು ತಾನೇ ಆರುತ್ತದೆ. ನಮ್ಮ ಮರದ ಕೆಳಗಿನ ಕೊಂಬೆಗಳಲ್ಲಿ ಅದು ಇರುವುದೇ ಇಲ್ಲ.

ಕೊಂಬೆಯ ಎತ್ತರಕ್ಕೆ ಅಪ್ಪ ಮಾಡಿದ ಉಪಾಯ ನನಗೆ ತುಂಬ ಇಷ್ಟ. ರೈಲ್ವೆಯಲ್ಲಿ ಗಾಡಿಗೂ ಸುತ್ತಲಿನ ಗೋಡೆ, ಕಂಬ, ಸುರಂಗಕ್ಕೂ ನಡುವೆ ಇಷ್ಟು ಜಾಗ ಇರಲೇಬೇಕೆಂಬ ಅಳತೆ ಇದೆ. ಅದೇ ರೀತಿ ಅವರು ರಟ್ಟನ್ನು ಎಂಜಿನ್ನಿಗಿಂತ ಮೇಲೆ ಎರಡು ಇಂಚು, ಬದಿಗೆ ಒಂದೊಂದು ಇಂಚು ಹೆಚ್ಚಾಗಿ ಕತ್ತರಿಸಿ, ಒಂದು ಡಬ್ಬಿಯ ಮೇಲೆ ನಿಲ್ಲಿಸಿ ಕೈಯಿಂದ ಪೂರ್ತಿ ಸುತ್ತು ತಳ್ಳಿದರು. ರಟ್ಟಿಗೆ ತಾಗಿದ ಕೊಂಬೆಯ ತುದಿಯನ್ನಷ್ಟೇ ಕತ್ತರಿಸಿದೆವು. ಮರ ಒಳಗೆ ತಂದ ದಿನವೇ ಅಳೆದರೆ ಪ್ರಯೋಜನವಿಲ್ಲ. ಕಟ್ಟಿ ತಂದ ಮರ ಬಿಚ್ಚಿಕೊಂಡು ಕೊಂಬೆ ಇಳಿಸಲು ಎರಡು ದಿನ ಬೇಕು. ಅಲಂಕಾರದ ಗುಂಡುಗಳ ಭಾರಕ್ಕೆ ಇನ್ನೂ ಇಳಿಯುತ್ತದೆ. ಎಲ್ಲ ಕಟ್ಟಿದ ಮೇಲೆ ಅಳೆಯಬೇಕು.

ಮರದ ಕೆಳಗೆ ರೈಲು ಏಕೆ ಎಂದು ಅಪ್ಪ ಒಂದು ಸಂಜೆ ಕೇಳಿದರು. ಉತ್ತರ ನಮ್ಮ ಮನೆಯಿಂದ ಬಹಳ ದೂರವಿಲ್ಲ. ಇದೇ ರಾಜ್ಯದಲ್ಲಿ ಬೆತ್ಲೆಹೆಮ್ ಎಂಬ ಊರಿದೆ. ಮೊರೇವಿಯನ್ ಪಂಥದ ಜರ್ಮನ್ ಕ್ರೈಸ್ತರು 1741ರಲ್ಲಿ ಅದಕ್ಕೆ ಆ ಹೆಸರಿಟ್ಟರು. ಅವರು ಗೋದಲಿಯ ಸುತ್ತ ಪಾಚಿ, ಕಲ್ಲು, ಮರದ ಬೊಡ್ಡೆ, ಪುಟ್ಟ ಪ್ರಾಣಿಗಳನ್ನು ಇಟ್ಟು ಒಂದು ಸೀಮೆಯನ್ನೇ ಕಟ್ಟುತ್ತಿದ್ದರು. ಅದಕ್ಕೆ ಪುಟ್ಸ್ ಎನ್ನುತ್ತಾರೆ. ಕಾಲಕ್ರಮದಲ್ಲಿ ಮರದ ಕೆಳಗಿನ ಅಂಥ ಸೀಮೆಗಳಿಗೆ ಮನೆಗಳು ಬಂದವು, ಬೀದಿ ಬಂತು, ರೈಲೂ ಬಂತು. ಜಾಶುವಾ ಲಯನೆಲ್ ಕೋವೆನ್ 1900ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದ ಕಂಪನಿಯ ಮೊದಲ ರೈಲು ಅಂಗಡಿಯ ಕಿಟಕಿಯಲ್ಲಿ ಗಿರಾಕಿಗಳ ಕಣ್ಣು ಸೆಳೆಯಲು ಮಾಡಿದ್ದು. ಜನ ರೈಲನ್ನೇ ಕೇಳತೊಡಗಿದರು. ಅಪ್ಪನಿಗೆ ಹಿಡಿಸಿದ್ದು ಮೊರೇವಿಯನ್ನರ ಮಾತು. ನಮ್ಮದು ಹುಬ್ಬಳ್ಳಿಯ ಬಾಸೆಲ್ ಮಿಷನ್ ಸಭೆಯ ಮನೆತನ. 1839ರಲ್ಲಿ ಹುಬ್ಬಳ್ಳಿಗೆ ಬಂದ ಆ ಮಿಷನರಿಗಳೂ ಮೊರೇವಿಯನ್ನರಂತೆ ಜರ್ಮನ್ ಭಕ್ತಿಪಂಥದ ಒಕ್ಕಲು. "ಹಾಗಾದರೆ ಇವರು ನಮ್ಮ ದಾಯಾದಿಗಳೇ" ಎಂದರು. ಆ ವಾರವೇ ಅವರನ್ನು ನಮ್ಮ ಹತ್ತಿರದ ಸ್ಟ್ರಾಸ್‌ಬರ್ಗ್ ಎಂಬ ಊರಿಗೆ ಕರೆದೊಯ್ದೆ. ಅಲ್ಲಿ ಆಟಿಕೆ ರೈಲುಗಳ ರಾಷ್ಟ್ರೀಯ ಸಂಗ್ರಹಾಲಯವಿದೆ. 1832ರಲ್ಲಿ ಸನ್ನದು ಪಡೆದು ಈಗಲೂ ಉಗಿ ಎಂಜಿನ್ ಓಡಿಸುವ ಸ್ಟ್ರಾಸ್‌ಬರ್ಗ್ ರೈಲ್‌ರೋಡ್ ಕೂಡ ಅಲ್ಲಿದೆ. ಎಲ್ಲರೂ ಎಂಜಿನ್ನಿನ ಚಿತ್ರ ತೆಗೆಯುತ್ತಿದ್ದಾಗ ಅಪ್ಪ ಬಗ್ಗಿ ಫಿಶ್‌ಪ್ಲೇಟ್ ನೋಡುತ್ತಿದ್ದರು.

ಕ್ರಿಸ್‌ಮಸ್ ಹಿಂದಿನ ಸಂಜೆ ನಮ್ಮ ರೈಲು ಎರಡು ಗಂಟೆ ಓಡಿತು, ನಡುವೆ ಎಂಜಿನ್ ತಣಿಯಲು ಎರಡು ಸಲ ಬಿಟ್ಟೆವು. ಒಮ್ಮೆಯೂ ತಾನಾಗಿ ನಿಲ್ಲಲಿಲ್ಲ. ಓಡಿಸುವ ಮೊದಲು ಅಪ್ಪ ಮೊಣಕಾಲೂರಿ, ತೋರುಬೆರಳನ್ನು ಹಳಿಯ ಮೇಲೆ ಆಡಿಸುತ್ತ ಪೂರ್ತಿ ಸುತ್ತು ಬಂದಿದ್ದರು. ಅದನ್ನು ನಾನು ಇಂದಿಗೂ ಬಿಟ್ಟಿಲ್ಲ. ಎಲೆ, ನಾರು, ಎದ್ದ ಪಿನ್, ಎಣ್ಣೆಯ ಜಿಡ್ಡು ಎಲ್ಲವೂ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತವೆ. ಜಿಡ್ಡು ಕಂಡರೆ ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸುತ್ತೇನೆ. ಉಕ್ಕಿನ ನಾರು ಬಳಸುವುದಿಲ್ಲ. ಅದರ ಚೂರುಗಳು ಅಯಸ್ಕಾಂತಕ್ಕೆ ಅಂಟಿ ಮೋಟಾರಿನೊಳಗೆ ಸೇರುತ್ತವೆ. ಈ ಎಂಜಿನ್ನಿಗೆ ಹಳಿಯ ಮೇಲೆ ಹಿಡಿತ ಸಿಗಲೆಂದು ಗಾಲಿಗಳ ಬಳಿಯೇ ಅಯಸ್ಕಾಂತ ಇಟ್ಟಿದ್ದಾರೆ.

ಜನವರಿ ಆರರ ನಂತರ ಕಿತ್ತಿಡುವಾಗ ಅಪ್ಪ ಪ್ರತಿ ತುಂಡಿನ ಅಡಿಯಲ್ಲಿ ಸೀಸದ ಕಡ್ಡಿಯಿಂದ ಕನ್ನಡ ಅಂಕಿ ಬರೆದರು, ಒಂದರಿಂದ ಹನ್ನೆರಡರವರೆಗೆ. ಒಂದಕ್ಕೊಂದು ಹೊಂದಿಕೊಂಡ ತುಂಡುಗಳು ಮುಂದಿನ ವರ್ಷವೂ ಅಕ್ಕಪಕ್ಕದಲ್ಲೇ ಕೂರಬೇಕು ಎಂದು. ಆಮೇಲೆ ಅವರು ಲೋಂಡಾಕ್ಕೆ ಮರಳಿದರು. ಕಳೆದ ಡಿಸೆಂಬರಿನಲ್ಲಿ ಒಬ್ಬಳೇ ಹಾಸುವಾಗ ಏಳನೆಯ ತುಂಡಿನ ಮಧ್ಯದ ಪಿನ್ ಸಡಿಲವಾಗಿತ್ತು. ಬಿಗಿಮಾಡಿ ಅಪ್ಪನಿಗೆ ಫೋನಿನಲ್ಲಿ ಹೇಳಿದೆ.

"ಅದರ ಆಚೆಯ ತುದಿಯನ್ನೂ ನೋಡು" ಎಂದರು.

ನೋಡಿದೆ. ಅದೂ ಸಡಿಲವಾಗಿತ್ತು.